ಶಾಂತವೀರಪ್ಪನವರು ಕಪ್ಪು ಪರದೆ ಆರಿಸಿದ್ದು

ಶಾಂತವೀರಪ್ಪನವರು ಆ ಶುಕ್ರವಾರದ ಮೀಟಿಂಗಿನಲ್ಲಿ ಕೈ ಎತ್ತಿದ್ದು ಬೇಕೆಂದೇ. ಕುತ್ತಿಗೆ ತುರಿಸಿಕೊಳ್ಳಲು ಹೋಗಿ ಆದ ಅಪಘಾತ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಡೆದದ್ದನ್ನು ಕಣ್ಣಾರೆ ಕಂಡವರೆಲ್ಲ, ‘ಪಾಪ, ಅವರದೇನೂ ತಪ್ಪಿಲ್ಲ, ಕೈ ತಾನಾಗಿ ಮೇಲೆ ಹೋಯಿತು’ ಎಂದು ಕರುಣೆಯಿಂದ ಹೇಳತೊಡಗಿದರು. ಅಂಥ ಕರುಣೆ ಮನುಷ್ಯನಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಬೊಮ್ಮನಹಳ್ಳಿಯ ಆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವರು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಗುಂಡಿ, ಜಿಪ್ಪು, ದಾರ, ಲೇಬಲ್ಲು ಎಲ್ಲವೂ ಅವರ ಕಣ್ಣೆದುರಿಗೇ ಒಳಗೆ ಬಂದು ಅವರ ಕಣ್ಣೆದುರಿಗೇ ಹೊರಗೆ ಹೋಗಬೇಕು. ಸಂಜೆ ಕಂಟೇನರ್ ತುಂಬಿ, ಬಾಗಿಲಿಗೆ ಸೀಲು ಬೀಳುವವರೆಗೆ ಅವರು ನಿಂತಿರಬೇಕು. ಬಿ.ಟಿ.ಎಂ. ಲೇಔಟಿನ ಮನೆಗೆ ಅವರು ತಲುಪುವ ಹೊತ್ತಿಗೆ ಮಗಳು ಐಶ್ವರ್ಯ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗಿರುತ್ತಿದ್ದಳು. ಹೆಂಡತಿ ಸಿದ್ದಗಂಗಮ್ಮ ಮುಚ್ಚಿಟ್ಟ ತಟ್ಟೆಯನ್ನು ತೋರಿಸಿ ಆಕಳಿಸುತ್ತಿದ್ದರು. ವಾರದ ಆರು ದಿನವೂ ಆ ಮನೆಯಲ್ಲಿ ಅವರ ಪಾಲಿಗೆ ಉಳಿದಿದ್ದದ್ದು ಆರಿದ ಸಾರು ಮಾತ್ರ.

ಫ್ಯಾಕ್ಟರಿಯ ಮ್ಯಾನೇಜರ್ ಕಮಲಾದೇವಿ. ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಹೋಗುವ ಹೆಂಗಸು. ಆಕೆ ಕುರ್ಚಿ ಬಿಟ್ಟು ಏಳದೆ ಇನ್ನೊಬ್ಬರು ಟಿಫನ್ ಕ್ಯಾರಿಯರಿನ ಮುಚ್ಚಳ ಹಾಕಿದ ಉದಾಹರಣೆ ಆ ಫ್ಯಾಕ್ಟರಿಯ ಚರಿತ್ರೆಯಲ್ಲಿಲ್ಲ. ಒಳಗಿನ ಕೋಣೆಯಲ್ಲಿ ಗುಡಾಣದಂಥ ಒಂದು ದೊಡ್ಡ ಕಂಪ್ಯೂಟರ್ ಇತ್ತು. ಅದರೊಡನೆ ಮಾತಾಡುವ ಹಕ್ಕು ಅಲ್ಲಿಯವರೆಗೆ ಕಮಲಾದೇವಿಯವರ ಮೇಜಿನ ಹಳೇ ಪೆಟ್ಟಿಗೆಗೆ ಮಾತ್ರ. ಇನ್ನು ಮುಂದೆ ಪ್ರತಿ ಸೆಕ್ಷನ್ನಿಗೂ ಒಂದೊಂದು ಹೊಸ ಕಂಪ್ಯೂಟರ್ ಬರಲಿತ್ತು. ಅದರಲ್ಲಿ ಟರ್ಮಿನಲ್ ಎಂಬ ಕಿಟಕಿ ತೆರೆದು ಅಕ್ಷರಗಳಲ್ಲಿ ಅಪ್ಪಣೆ ಕೊಟ್ಟರೆ, ಒಳಗಿನ ಗುಡಾಣ ಅಕ್ಷರಗಳಲ್ಲೇ ಉತ್ತರ ಕೊಡುತ್ತದೆ. ಚಿತ್ರವಿಲ್ಲ, ಮೌಸಿಗೆ ಕೆಲಸವಿಲ್ಲ.

“ಈ ಕಿಟಕಿ ತೆರೆಯೋ ಪ್ರೋಗ್ರಾಮು ಮೂರು ಥರದ್ದು ಸಿಕ್ಕಿದೆ,” ಎಂದರು ಕಮಲಾದೇವಿ. “ಮೂರೂ ಈ ಸೀಡೀಲಿದೆ. ಯಾರಾದ್ರೂ ಭಾನುವಾರ ಕೂತು ನೋಡಿ, ಒಂದನ್ನ ಆರಿಸಿ, ಸೋಮವಾರ ಎಲ್ಲರ ಮುಂದೆ ತೋರಿಸ್ಬೇಕು. ಸರಿಯಾಗಿ ಆರಿಸಿದೋರೇ ಸಿಸ್ಟಂ ಇನ್‌ಚಾರ್ಜ್. ಎ.ಸಿ. ರೂಮು. ಕಂಟೇನರ್ ಡ್ಯೂಟಿ ಇಲ್ಲ. ಐದೂವರೆಗೆ ಮನೆ.”

ಎ.ಸಿ. ಎಂದಾಗ ಅಕೌಂಟ್ಸ್‌ನ ಶಾಮಣ್ಣನ ಕಣ್ಣು ಹೊಳೆಯಿತು. ‘ಐದೂವರೆಗೆ ಮನೆ’ ಎಂದಾಗ ಶಾಂತವೀರಪ್ಪನವರ ಕೈ ಮೇಲಕ್ಕೆದ್ದಿತು.

“ನಿಮಗೆ ಟರ್ಮಿನಲ್ ಗೊತ್ತೇನ್ರೀ?” ಶಾಮಣ್ಣ ಗಾಬರಿಯಿಂದ ಕೇಳಿದ.

“ಮನೇಲಿ ಕಂಪ್ಯೂಟರ್ರೇ ಇದೆಯಲ್ರೀ!” ಎಂದರು ಶಾಂತವೀರಪ್ಪ. ಇದು ಸುಳ್ಳಲ್ಲ. ಮಗಳ ಓದಿಗೆಂದು ತಂದ ಕಂಪ್ಯೂಟರ್ ನಡುಮನೆಯಲ್ಲಿತ್ತು. ಸಿದ್ದಗಂಗಮ್ಮ ಅದಕ್ಕೆ ಕಸೂತಿಯ ಮುಸುಕು ಹೊಲಿದಿದ್ದರು. ಪ್ರತಿ ಭಾನುವಾರ ಶಾಂತವೀರಪ್ಪನವರು ಆ ಮುಸುಕು ಕೊಡವಿ ಮತ್ತೆ ಹೊದಿಸುತ್ತಿದ್ದರು. ಕಂಪ್ಯೂಟರ್ ಜೊತೆ ಅವರ ಅನುಭವ ಅಷ್ಟು.

ಭಾನುವಾರ ಬೆಳಗ್ಗೆ ಸ್ನಾನ ಮುಗಿಸಿ, ಪೂಜೆ ಮುಗಿಸಿ, ಹಣೆಯ ಮೇಲೆ ವಿಭೂತಿಯ ಮೂರು ಗೆರೆ ಎಳೆದುಕೊಂಡು ಅವರು ಕುರ್ಚಿಯಲ್ಲಿ ಕುಳಿತರು. ಮಾನಿಟರಿನ ನೆತ್ತಿಗೂ ಒಂದು ಗೆರೆ ಬಿತ್ತು. ಐಶ್ವರ್ಯ ಸೀಡಿ ಹಾಕಿ, ಫೋನಿನ ತಂತಿ ಕಿತ್ತು ಕಂಪ್ಯೂಟರಿಗೆ ಚುಚ್ಚಿ, ಆಫೀಸಿನ ಗುಡಾಣಕ್ಕೆ ಸಂಬಂಧ ಕಲ್ಪಿಸಿದಳು. ಒಳಗಿನಿಂದ ಬೆಕ್ಕಿನ ಬಾಲ ತುಳಿದಂತೆ ಒಂದು ಕಿರುಚು ಬಂತು. ಆಮೇಲೆ ಮೊದಲ ಟರ್ಮಿನಲ್ ತೆರೆಯಿತು: ಬಿಳಿ ಹಿನ್ನೆಲೆ, ಕಪ್ಪು ಅಕ್ಷರ.

“ಲಕ್ಷಣವಾಗಿದೆ,” ಎಂದರು ಶಾಂತವೀರಪ್ಪ. ಹೆಸರು ಕೇಳಿತು, ‘stores’ ಎಂದು ಟೈಪ್ ಮಾಡಿದರು. ಒಂದೊಂದು ಅಕ್ಷರವೂ ಮೂಡಿತು. ಪಾಸ್‌ವರ್ಡ್ ಕೇಳಿತು. ಕಮಲಾದೇವಿ ಅವರ ಕಿವಿಯಲ್ಲಿ ಮಾತ್ರ ಹೇಳಿ, ಹೆಂಡತಿಗೂ ಹೇಳಬೇಡಿ ಎಂದು ಆಣೆ ಹಾಕಿಸಿದ್ದ ಆ ಶಬ್ದವನ್ನು ಟೈಪ್ ಮಾಡತೊಡಗಿದರು.

ಏನೂ ಮೂಡಲಿಲ್ಲ.

ಇನ್ನೊಮ್ಮೆ ಒತ್ತಿದರು. ಗಟ್ಟಿಯಾಗಿ ಒತ್ತಿದರು. ಹೆಬ್ಬೆರಳಲ್ಲಿ ಒತ್ತಿದರು. ಒಂದು ಚುಕ್ಕೆಯಾದರೂ ಬರಬೇಡವೇ?

“ಐಶೂ! ಕೀಬೋರ್ಡ್ ಪ್ರಾಣ ಬಿಡ್ತು!”

“ಅಪ್ಪ, ಪಾಸ್‌ವರ್ಡ್ ಕಾಣಿಸಲ್ಲ. ಕಾಣಿಸಬಾರದು ಅಂತಾನೇ ಹಾಗೆ ಮಾಡಿರೋದು. ಸುಮ್ಮನೆ ಟೈಪ್ ಮಾಡಿ ಎಂಟರ್ ಒತ್ತಿ.” ಹೀಗೆ ಹೇಳಿ ಐಶ್ವರ್ಯ ಚೀಲ ಹೆಗಲಿಗೇರಿಸಿ ಜಯನಗರದ ಟ್ಯೂಷನ್ನಿಗೆ ಹೊರಟುಹೋದಳು.

ಶಾಂತವೀರಪ್ಪನವರು ಬೆಚ್ಚಿಬಿದ್ದರು. ಬರೆದದ್ದು ಕಾಣದಿರುವುದೇ ಕ್ರಮವೇ? ಸ್ಟೋರ್ಸಿನಲ್ಲಿ ಒಂದು ಸೂಜಿ ಕೊಟ್ಟರೂ ರಸೀದಿ ಇದೆ, ರಸೀದಿಗೆ ಕಾರ್ಬನ್ ಪ್ರತಿ ಇದೆ. ಒರಿಜಿನಲ್ ಪಾರ್ಟಿಗೆ, ಡೂಪ್ಲಿಕೇಟ್ ನಮಗೆ. ಬರೆದು, ಓದಿ, ಆಮೇಲೆ ಸಹಿ. ಬರೆದವನ ಕಣ್ಣಿಗೇ ಬೀಳದ ಬರಹವನ್ನು ನಂಬುವುದೆಂದರೆ ಕತ್ತಲೆಯಲ್ಲಿ ಜಿಪ್ಪು ಎಣಿಸಿದಂತೆ. ಮಗಳು ಓದುತ್ತಿರುವ ವಿದ್ಯೆಯ ಬಗ್ಗೆ ಅವರಿಗೆ ಅಂದೇ ಮೊದಲ ಸಲ ಅನುಮಾನ ಬಂತು.

ಅಷ್ಟರಲ್ಲಿ ಪಕ್ಕದ ಮನೆಯ ಮುನಿಯಕ್ಕ ಒಳಗೆ ಬಂದರು. ಲೇಔಟು ಹುಟ್ಟುವುದಕ್ಕೆ ಮುಂಚಿನಿಂದ ಅಲ್ಲೇ ಹಸು ಕಟ್ಟಿಕೊಂಡಿದ್ದವರು. ಮೊಬೈಲ್ ಇನ್ನೂ ಸಾಮಾನ್ಯರ ಜೇಬಿಗೆ ಇಳಿಯದ ಕಾಲ. ಆ ಸಾಲಿನವರೆಲ್ಲ ನೆಂಟರಿಗೆ ಕೊಟ್ಟಿದ್ದದ್ದು ಶಾಂತವೀರಪ್ಪನವರ ಮನೆಯ ನಂಬರ್.

“ಸಾಮಿ, ಕನಕಪುರದಿಂದ ಅಳಿಯ ಪೋನ್ ಮಾಡ್ತಾನೆ. ಮಗಳಿಗೆ ನೋವು ಕಾಣಿಸ್ಕೊಂಡದಂತೆ. ಇಲ್ಲೇ ಕುಂತ್ಕೊಂತೀನಿ,” ಎಂದು ನೆಲದ ಮೇಲೆ ಕುಳಿತರು.

ಹಿಂದೆಯೇ ಮಹಡಿಯ ಕೋಣೆಯ ಹಣಮಪ್ಪ ಇಳಿದು ಬಂದ. ಇಳಕಲ್ ಕಡೆಯ ಹುಡುಗ, ಕೊರಿಯರ್ ಆಫೀಸಿನಲ್ಲಿ ಕೆಲಸ. “ನಮ್ಮ ಅವ್ವಂದು ಫೋನ್ ಬರೂದೈತ್ರೀ ಸಾಹೇಬ್ರ. ಏನ್ ನಡಸೀರಿ?”

“ಪರೀಕ್ಷೆ,” ಎಂದರು ಶಾಂತವೀರಪ್ಪ ಗಂಭೀರವಾಗಿ. “ಇದು ಹೆಸರು ತೋರಿಸುತ್ತೆ, ಪಾಸ್‌ವರ್ಡ್ ನುಂಗಿಹಾಕುತ್ತೆ. ನೀವಿಬ್ರೂ ಸಾಕ್ಷಿ. ನಾನು ಒಂದೊಂದೇ ಹೊಡೀತೀನಿ, ಪರದೆ ನೋಡ್ತಾ ಇರಿ. ಝಡ್ ಹೊಡೆದೆ. ಬಂತಾ?”

“ಇಲ್ರೀ!”

“ಐ. ಬಂತಾ?”

“ಎಲ್ಲಿ ಬಂತ್ರೀ, ನುಂಗಾಕತ್ತೈತಿ!”

“ಪಿ. ಇನ್ನೊಂದು ಪಿ. ಇ. ಆರ್. ಪೂರ್ತಿ ಜಿಪ್ಪರ್!”

“ಅಯ್ಯಯ್ಯೋ, ಆರೂ ಹೋಯ್ತಾ!” ಮುನಿಯಕ್ಕ ಎದೆ ಮುಟ್ಟಿಕೊಂಡರು. “ನಮ್ಮ ಕಂದು ಹಸಾನೂ ಇಂಗೇ ಸಾಮಿ, ಒಂದ್ ಸಲ ಎಲ್ಡ್ ಸೀರೆ ನುಂಗ್ಬಿಡ್ತು. ಎಲ್ಲೋಯ್ತು ಅಂತ ಗೊತ್ತೇ ಆಗ್ನಿಲ್ಲ.”

ಅಡಿಗೆಮನೆಯಿಂದ ಸಿದ್ದಗಂಗಮ್ಮನವರ ದನಿ ಬಂತು: “ಏನ್ರೀ ಅದು, ‘ಜಿಪ್ಪರ್, ಜಿಪ್ಪರ್’ ಅಂತ ಬೆಳಗ್ಗಿಂದ ಕೂಗ್ತಿದೀರಾ? ಭಾನುವಾರನೂ ಸ್ಟೋರ್ಸೇನಾ?”

ಹೀಗೆ ಹೆಂಡತಿಗೂ ಹೇಳಬಾರದಿದ್ದ ಗುಟ್ಟು ಅಂದು ಬೆಳಗಿನ ತಿಂಡಿಯ ಹೊತ್ತಿಗೆ ಮೂರು ಮನೆಗೆ ತಲುಪಿತು. ಶಾಂತವೀರಪ್ಪನವರಿಗೆ ಇದು ಹೊಳೆಯಲಿಲ್ಲ. ಅವರ ಗಮನವೆಲ್ಲ ಅಕ್ಷರ ನುಂಗುವ ಕಳ್ಳನ ಮೇಲಿತ್ತು.

ಬಿಳಿಯದು ಬಿದ್ದುಹೋಯಿತು. ಎರಡನೆಯದನ್ನು ತೆರೆದರು. ಕಗ್ಗಪ್ಪು ಹಿನ್ನೆಲೆಯ ಮೇಲೆ ಪಾಚಿಯ ಬಣ್ಣದ ಅಕ್ಷರ. ಒಗ್ಗರಣೆಯ ಸೌಟು ಹಿಡಿದು ಹೊರಬಂದ ಸಿದ್ದಗಂಗಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು.

“ಶಿವನೇ! ಇದೇನ್ರೀ ಇಷ್ಟು ಕಪ್ಪು? ನಾಳೆ ಶ್ರಾವಣ ಸೋಮವಾರ, ಮನೇಲಿ ಇಂಥದನ್ನ ತೆರೆದಿಟ್ಟಿದೀರಾ?”

“ಬಣ್ಣ ಆಮೇಲೆ. ಗುಣ ನೋಡೋಣ ಇರೇ.”

ಗುಣವೂ ಅದೇ. ಝಡ್, ಐ, ಪಿ, ಪಿ, ಇ, ಆರ್. ಆರನ್ನೂ ನುಂಗಿ ನೀರು ಕುಡಿಯಿತು. ಈ ಸಲ ಮೂವರೂ ಒಟ್ಟಿಗೆ “ಹೋಯ್ತು” ಎಂದರು.

ಮೂರನೆಯದು ಬೇರೆ ಠೀವಿಯದು. ತೆರೆಯುವ ಮೊದಲೇ ಒಂದು ಪುಟ ತುಂಬ ಸಣ್ಣ ಸಣ್ಣ ಚೌಕಗಳನ್ನು ಮುಂದಿಟ್ಟು, ಏನೇನು ಬೇಕು ಎಂದು ಕೇಳಿತು. ಎಲ್ಲ ಇಂಗ್ಲಿಷು; ಓದಿದರೂ ತಿಳಿಯುವಂಥದಲ್ಲ.

“ಎಲ್ಲಾದಕ್ಕೂ ರೈಟ್ ಹೊಡದು ಬಿಡ್ರೀ ಸಾಹೇಬ್ರ,” ಎಂದ ಹಣಮಪ್ಪ. “ಅರ್ಜಿ ಒಳಗ ಖಾಲಿ ಬಿಟ್ರ ವಾಪಸ್ ಕಳಸ್ತಾರ. ರೇಷನ್ ಕಾರ್ಡಿಗೆ ನಮ್ಮಪ್ಪ ಮೂರ್ ಸಲ ಓಡ್ಯಾಡ್ಯಾನ.”

ಇದು ಶಾಂತವೀರಪ್ಪನವರು ನಂಬುವ ಶಾಸ್ತ್ರವೂ ಹೌದು. ಅವರ ಕೈಯಲ್ಲಿ ಯಾವ ಫಾರಮ್ಮಿನ ಯಾವ ಚೌಕವೂ ಖಾಲಿ ಉಳಿದದ್ದಿಲ್ಲ. ಒಂದೊಂದಾಗಿ ಎಲ್ಲಕ್ಕೂ ರೈಟ್ ಬಿತ್ತು. ಗುಡಾಣ ತೋರಿಸಲಿ ಬಿಡಲಿ, ಟೈಪ್ ಮಾಡಿದ್ದನ್ನೆಲ್ಲ ಇಲ್ಲೂ ಒಮ್ಮೆ ತೋರಿಸು ಎಂಬ ಅಪ್ಪಣೆಯೂ ಆ ಚೌಕಗಳ ನಡುವೆ ಎಲ್ಲೋ ಇತ್ತು, ಅದಕ್ಕೂ ಬಿತ್ತು. ಕಿಟಕಿ ತೆರೆಯಿತು, ಇದರದೂ ಕಪ್ಪು ಪರದೆ. ಪಾಸ್‌ವರ್ಡ್ ಕೇಳಿತು. ಶಾಂತವೀರಪ್ಪನವರು ಝಡ್ ಒತ್ತಿದರು.

ಝಡ್ ಮೂಡಿತು!

“ಬಂತು!” ಹಣಮಪ್ಪ ಎಗರಿದ. “ಬಂತ್ ಸಾಮಿ!” ಮುನಿಯಕ್ಕ ನೆಟಿಕೆ ಮುರಿದರು. ‘zipper’ ಎಂಬ ಪೂರ್ತಿ ಶಬ್ದ, ಮದುವೆ ಮಂಟಪದ ಮೇಲಿನ ಹೆಸರಿನಂತೆ ಕಪ್ಪು ಪರದೆಯ ಮೇಲೆ ಬೆಳಗಿತು. ಬಾಗಿಲೂ ತೆರೆಯಿತು. ಶಾಂತವೀರಪ್ಪನವರು ತಮಗೆ ಗೊತ್ತಿದ್ದ ಒಂದೇ ಅಪ್ಪಣೆ, ದಿನಾಂಕ ಕೇಳುವ ‘date’, ಟೈಪ್ ಮಾಡಿದರು.

ಪರದೆಯ ಮೇಲೆ ‘ddaattee’ ಎಂದು ಮೂಡಿತು.

ಹಿಂದಿನೆರಡು ನುಂಗಿದ್ದನ್ನೆಲ್ಲ ಇದು ಕಕ್ಕುತ್ತಿದೆಯೇ ಎಂದು ಹಣಮಪ್ಪ ಪಿಸುಗುಟ್ಟಿದ. ಆದರೆ ಕೆಳಗೆ ಆ ದಿನದ ತಾರೀಖು ಸರಿಯಾಗಿಯೇ ಬಂದಿತ್ತು. ಇನ್ನೊಂದು ಸಲ ಹೊಡೆದರು. ಮತ್ತೆ ಪ್ರತಿ ಅಕ್ಷರವೂ ಎರಡೆರಡು. ಶಾಂತವೀರಪ್ಪನವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಹರಿಯಿತು.

“ಹಣಮಪ್ಪ, ಇದು ಏನು ಗೊತ್ತೇನಯ್ಯ? ಕಾರ್ಬನ್ ಕಾಪಿ! ಒಂದು ಒರಿಜಿನಲ್ಲು, ಒಂದು ಡೂಪ್ಲಿಕೇಟು. ಒಂದಕ್ಷರ ಆಫೀಸಿಗೆ, ಒಂದಕ್ಷರ ನಮಗೆ. ಪಾಸ್‌ವರ್ಡ್ ಗುಟ್ಟಿನದು ನೋಡು, ಅದಕ್ಕೆ ಮಾತ್ರ ಒಂದೇ ಪ್ರತಿ. ಇದನ್ನ ಮಾಡಿದೋನು ಯಾರೋ ಸ್ಟೋರ್ಸಲ್ಲಿ ಕೆಲಸ ಮಾಡಿದೋನೇ ಇರ್ಬೇಕು!”

ಟ್ಯೂಷನ್ ಮುಗಿಸಿ ಬಂದ ಐಶ್ವರ್ಯ ಚಪ್ಪಲಿ ಬಿಡುತ್ತಲೇ ಪರದೆ ನೋಡಿ ಹೌಹಾರಿದಳು. “ಅಪ್ಪ! ಪಾಸ್‌ವರ್ಡ್ ಎಲ್ಲರಿಗೂ ಕಾಣ್ತಿದೆ! ಏನೋ ಸೆಟ್ಟಿಂಗ್ ತಪ್ಪಾಗಿದೆ. ತೆಗೀರಿ, ನಾನು ಸರಿ ಮಾಡ್ತೀನಿ.”

“ಮುಟ್ಟಬೇಡ! ಕಾಣಲಿ ಅಂತಾನೇ ಆರಿಸಿರೋದು.”

“ಅಯ್ಯೋ ಅಪ್ಪ, ನಾಳೆ ಅಲ್ಲಿ ಏನಾದ್ರೂ…”

ಮಗಳ ಮಾತು ಪೂರ್ತಿಯಾಗಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಅವಳು ಮಾತಾಡುತ್ತಲೇ ತಂತಿ ಕಿತ್ತು ಫೋನಿಗೆ ಚುಚ್ಚಿದಳು, ಫೋನು ಕೂಡಲೇ ಕಿರುಚಿಕೊಂಡಿತು. ಮುನಿಯಕ್ಕನ ಅಳಿಯ. ರಿಸೀವರ್ ಕಿವಿಗೆ ಹಿಡಿದ ಮುನಿಯಕ್ಕ, “ಏನಂದೆ? ಆಗ್ಲೇ ಆಯ್ತಾ? ಬೆಳಿಗ್ಗೇನೇನಾ? ಗಂಡ್ ಕೂಸಾ?” ಎಂದು ಕೂಗಿದರು. ಆಮೇಲೆ ಫೋನಿನ ಬಾಯಿ ಮುಚ್ಚಿ ಶಾಂತವೀರಪ್ಪನವರತ್ತ ತಿರುಗಿದರು. “ಬೆಳಿಗ್ಗಿಂದ ಪೋನ್ ಎಂಗೇಜಂತೆ ಸಾಮಿ! ಮೊಮ್ಮಗ ಉಟ್ಟಿ, ಬೀದಿಗೆಲ್ಲ ಸಕ್ಕರೆ ಅಂಚಿ, ಅಳಿಯ ಮುನಿಸ್ಕೊಂಡೂ ಆಗೋಗದೆ. ನಾನಿಲ್ಲಿ ನಿಮ್ಮ ಪೆಟ್ಟಿಗೆ ತಾವ ‘ಬಂತಾ, ಬಂತಾ’ ಅಂತ ಕೇಳ್ಕೊಂಡ್ ಕುಂತಿದ್ದೆ!”

ಆ ಗಲಾಟೆಯಲ್ಲಿ, ಸಿದ್ದಗಂಗಮ್ಮ ಹಂಚಿದ ಸಕ್ಕರೆಯಲ್ಲಿ ಐಶ್ವರ್ಯಳ ಎಚ್ಚರಿಕೆ ಕರಗಿಹೋಯಿತು.

ಸೋಮವಾರ ಮೀಟಿಂಗ್ ಕೋಣೆ ತುಂಬಿತ್ತು. ಬಾಡಿಗೆಗೆ ತರಿಸಿದ ಪ್ರೊಜೆಕ್ಟರ್ ಗೋಡೆಯ ಮೇಲೆ ಬಾಗಿಲಗಲದ ಬೆಳಕು ಚೆಲ್ಲಿತ್ತು. ಹೊಲಿಗೆ ಸಾಲಿನ ಪರವಾಗಿ ಸೂಪರ್‌ವೈಸರ್ ಶರಣಮ್ಮ ಬಂದು ಗೋಡೆಗೆ ಎದುರಾಗಿ ಕುಳಿತಿದ್ದಳು. ರಾಯಚೂರು ಕಡೆಯವಳು, ಇಂಗ್ಲಿಷ್ ಅಕ್ಷರಗಳನ್ನು ಆಗಷ್ಟೇ ಕಲಿಯುತ್ತಿದ್ದು, ಎಲ್ಲಿ ಕಂಡರೂ ಗಟ್ಟಿಯಾಗಿ ಕೂಡಿಸಿ ಓದುವ ಚಟ ಹತ್ತಿಸಿಕೊಂಡಿದ್ದಳು. ಶಾಮಣ್ಣ ಕೈಕಟ್ಟಿ, ತಪ್ಪಿಗಾಗಿ ಕಾಯುತ್ತ ಕುಳಿತಿದ್ದ.

ಶಾಂತವೀರಪ್ಪನವರು ಊದುಬತ್ತಿ ಹಚ್ಚಿ, ಹೊಸ ಕಂಪ್ಯೂಟರಿಗೆ ಒಂದು ಮೊಳ ಸೇವಂತಿಗೆ ಮುಡಿಸಿ, ಗಂಟಲು ಸರಿಮಾಡಿಕೊಂಡರು.

“ಮೂರನ್ನೂ ನೋಡಿದೆ ಮೇಡಂ. ಮೊದಲೆರಡು ನಂಬಿಕೆಗೆ ಅರ್ಹ ಅಲ್ಲ. ಮೂರನೇದು ಚಿನ್ನ. ಅದರ ವಿಶೇಷ ಏನು ಅಂತ ನಾನು ಹೇಳಲ್ಲ. ಹೊಸ ವಸ್ತು, ಮೊದಲು ನಿಮ್ಮ ಕೈಯಿಂದ್ಲೇ ಉದ್ಘಾಟನೆ ಆಗ್ಬೇಕು. ನಿಮ್ಮ ಹೆಸರು, ನಿಮ್ಮ ಪಾಸ್‌ವರ್ಡ್ ಹಾಕಿ. ವಿಶೇಷ ತಾನೇ ಗೊತ್ತಾಗುತ್ತೆ.”

ಕಮಲಾದೇವಿ ಗೋಡೆಗೆ ಬೆನ್ನು ಮಾಡಿ ಕುಳಿತರು. ವರ್ಷಗಟ್ಟಲೆ ಹಳೇ ಪೆಟ್ಟಿಗೆಯಲ್ಲಿ ಕೆಲಸ ಮಾಡಿದವರು. ಪಾಸ್‌ವರ್ಡ್ ಯಾರಿಗೂ ಕಾಣುವುದಿಲ್ಲ ಎಂಬ ಭರವಸೆಯಲ್ಲಿ, ಕಣ್ಣು ಕೀಲಿಗಳ ಮೇಲಿಟ್ಟು, ಒಂದೇ ಬೆರಳಿನಲ್ಲಿ ನಿಧಾನವಾಗಿ ಒತ್ತತೊಡಗಿದರು.

ಗೋಡೆಯ ಮೇಲೆ, ಗೇಣುದ್ದದ ಅಕ್ಷರಗಳಲ್ಲಿ, ಒಂದೊಂದಾಗಿ ಮೂಡಿತು: m, a, n, e.

ಶಾಮಣ್ಣನ ಬಾಯಿ ತೆರೆಯಿತು. ಕಟಿಂಗ್ ಮಾಸ್ಟರ್ ಕುರ್ಚಿಯ ಕೈ ಹಿಡಿದುಕೊಂಡ. ಶರಣಮ್ಮ ಮಾತ್ರ ಕಣ್ಣು ಕಿರಿದು ಮಾಡಿ, ತುಟಿಯಾಡಿಸಿ, ಕೂಡಿಸಿದಳು. ಕೀಲಿಗಳು ನಿಂತವು. ಇಡೀ ಕೋಣೆಗೆ ಕೇಳುವಂತೆ ಅವಳು ಓದಿದಳು:

“ಮನೆಗೆ… ಹೋಗ್‌ಬೇಕು.”

ಕಮಲಾದೇವಿ ತಲೆ ಎತ್ತಿದರು. “ಯಾರಮ್ಮ ಅದು ಮನೆಗೆ ಹೋಗ್ಬೇಕು ಅಂದಿದ್ದು? ಇನ್ನೂ ಬೆಳಗ್ಗೆ ಹತ್ತು ಗಂಟೆ! ಲೋಡಿಂಗ್ ಮುಗಿಯೋವರೆಗೆ ಯಾರೂ ಮನೆ ಅನ್ನೋ ಮಾತೇ ಎತ್ತಬಾರದು. ಯಾರದು?”

ಶರಣಮ್ಮ ಎದ್ದು ನಿಂತಳು. “ನಾನಲ್ರೀ ಮೇಡಮ್ಮಾರ. ನೀವ!” ಎಂದು ಗೋಡೆಗೆ ಕೈ ತೋರಿಸಿದಳು.

ಕಮಲಾದೇವಿ ತಿರುಗಿದರು. ‘manegehogbeku’. ಗಾಬರಿಯಲ್ಲಿ ಅವರ ಕೈ ಎಂಟರ್ ಮೇಲೆ ಬಿತ್ತು. ಗುಡಾಣ ಆ ಮಾತನ್ನು ಒಪ್ಪಿಕೊಂಡು, ಸುಸ್ವಾಗತ ಎಂಬ ಅರ್ಥದ ಒಂದು ಸಾಲು ಬರೆಯಿತು.

ಶರಣಮ್ಮನೇ, ಸಮಾಧಾನ ಮಾಡುವ ದನಿಯಲ್ಲಿ, “ನಮಗೂ ದಿನಾ ಹಂಗ ಅನ್ನಸ್ತೈತ್ರೀ ಮೇಡಮ್ಮಾರ,” ಎಂದಳು.

“ಎಲ್ಲಾ ಹೋಗಿ. ಕೆಲಸ ನೋಡಿ,” ಎಂದರು ಕಮಲಾದೇವಿ. “ಶಾಂತವೀರಪ್ಪ, ಶಾಮಣ್ಣ, ನೀವಿಬ್ರೂ ಇರಿ.”

ಶಾಂತವೀರಪ್ಪನವರ ಕಾಲಿನ ಕೆಳಗಿನ ನೆಲ ಬೊಮ್ಮನಹಳ್ಳಿ ಬಿಟ್ಟು ಎಲ್ಲೋ ಹೊರಟಿತ್ತು.

“ಇದನ್ನ ಯಾಕ್ರೀ ಆರಿಸಿದ್ರಿ?”

“ಬರೆದದ್ದು ಕಾಣ್ತದೆ ಮೇಡಂ.”

ಆಕೆ ಗೋಡೆಯನ್ನು ಇನ್ನೊಮ್ಮೆ ನೋಡಿದರು. “ಕಾಣ್ತು,” ಎಂದರು. ಆಮೇಲೆ, “ಶಾಮಣ್ಣ, ನೀವೇ ಸಿಸ್ಟಂ ಇನ್‌ಚಾರ್ಜ್. ಎಲ್ಲಾ ಮಷೀನಿಗೂ ಆ ಬಿಳೀದನ್ನ ಹಾಕಿ. ಎಲ್ಲರ ಪಾಸ್‌ವರ್ಡೂ ಇವತ್ತೇ ಬದಲಾಗ್ಬೇಕು. ನನ್ನದು ಮೊದಲು.”

ಶಾಂತವೀರಪ್ಪನವರು ಸ್ಟೋರ್ಸಿಗೆ ಮರಳಿ, ಸಂಜೆಯವರೆಗೆ ಜಿಪ್ಪಿನ ಪೆಟ್ಟಿಗೆಗಳ ಮಧ್ಯೆ ಕುಳಿತಿದ್ದರು. ಎ.ಸಿ. ಹೋದದ್ದಕ್ಕೆ ದುಃಖವಿರಲಿಲ್ಲ. ಐದೂವರೆಗೆ ಮನೆ ಸೇರುವ ಯೋಗ ಈ ಜನ್ಮಕ್ಕೆ ತಪ್ಪಿತಲ್ಲ ಎಂದು ಎದೆ ಭಾರವಾಗಿತ್ತು.

ಐದೂವರೆಯ ಸೈರನ್ ಕೂಗಿತು. ಅದು ಯಾವತ್ತೂ ಕೂಗುತ್ತಿತ್ತು, ಯಾವತ್ತೂ ಯಾರೂ ಏಳುತ್ತಿರಲಿಲ್ಲ. ಆದರೆ ಅಂದು ಮ್ಯಾನೇಜರ್ ಕೋಣೆಯ ಬಾಗಿಲು ತೆರೆದು, ಕೈಚೀಲ, ಛತ್ರಿ ಹಿಡಿದ ಕಮಲಾದೇವಿ ಹೊರಬಂದರು. ಮಷೀನುಗಳು ಒಂದೊಂದಾಗಿ ನಿಂತವು. ಗೇಟಿನ ವಾಚ್‌ಮನ್ ಬೈರಣ್ಣ ಗಡಿಯಾರ ನೋಡಿ, ಆಕೆಯನ್ನು ನೋಡಿ, ಗಡಿಯಾರವನ್ನು ಕಿವಿಗೆ ಹಿಡಿದ.

“ಮೇಡಂ… ಮನೇಲಿ ಏನಾದ್ರೂ ಆಗಿದೆಯಾ?”

“ಏನೂ ಆಗಿಲ್ಲ. ಏನಾದ್ರೂ ಆಗಲಿ ಅಂತಾನೇ ಹೋಗ್ತಿದೀನಿ. ಕಂಟೇನರ್ ಬೆಳಗ್ಗೆ ಸೀಲ್ ಮಾಡೋಣ. ಗೇಟ್ ತೆಗಿ.”

ಆಕೆ ರಸ್ತೆ ದಾಟುವವರೆಗೆ ಯಾರೂ ಅಲುಗಾಡಲಿಲ್ಲ. ಆಮೇಲೆ ನೂರಾರು ಟಿಫನ್ ಕ್ಯಾರಿಯರುಗಳ ಮುಚ್ಚಳ ಒಟ್ಟಿಗೆ ಬಿದ್ದ ಸದ್ದು ಹೊಸೂರು ರಸ್ತೆಯವರೆಗೆ ಕೇಳಿಸಿತಂತೆ. ಶಾಮಣ್ಣನೊಬ್ಬ, ತನ್ನ ಎ.ಸಿ. ರೂಮಿನಲ್ಲಿ, ಎಲ್ಲರ ಪಾಸ್‌ವರ್ಡ್ ಬದಲಾಯಿಸುತ್ತ, ಕಣ್ಣಿಗೆ ಕಾಣದ ಅಕ್ಷರಗಳಿಗೆ ಶಾಪ ಹಾಕುತ್ತ ರಾತ್ರಿಯವರೆಗೆ ಕುಳಿತಿದ್ದ.

ಶಾಂತವೀರಪ್ಪನವರು ಬಸ್ಸಿಳಿದು ತಮ್ಮ ಬೀದಿಗೆ ಬಂದಾಗ ಇನ್ನೂ ಬಿಸಿಲಿತ್ತು. ಎದುರುಮನೆಯ ಬಣ್ಣ ಹಳದಿ ಎಂಬುದನ್ನು ವಾರದ ದಿನದಲ್ಲಿ ಅವರು ನೋಡಿದ್ದು ಅಂದೇ. ಗೇಟು ತೆಗೆದ ಸದ್ದಿಗೆ ಹೊರಬಂದ ಸಿದ್ದಗಂಗಮ್ಮ ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಕೆಳಗೆ ಹಾಕಿದರು.

“ಅಯ್ಯೋ ಶಿವನೇ! ಕೆಲಸ ಹೋಯ್ತಾ?”

ಆ ಕೂಗಿಗೆ ಮುನಿಯಕ್ಕ ಹಾಲಿನ ತಂಬಿಗೆ ಸಮೇತ ಓಡಿಬಂದರು. “ಅಳ್ಬ್ಯಾಡ ಕಣವ್ವ, ನಾನಿಲ್ವಾ? ನಾಳೆಯಿಂದ ಆಲು ಆಕೋಕೆ ಬರ್ಲಿ ಬಿಡು, ಸಾಮಿಗೆ ಲೆಕ್ಕ ಚೆನ್ನಾಗಿ ಬತ್ತದೆ.” ಮಹಡಿಯಿಂದ ಇಳಿದ ಹಣಮಪ್ಪ ಶಾಂತವೀರಪ್ಪನವರ ಕೈಚೀಲ ಇಸಿದುಕೊಂಡು, “ಅಂಜಬ್ಯಾಡ್ರೀ ಸಾಹೇಬ್ರ, ನಮ್ಮ ಕೊರಿಯರ್‌ದಾಗ ಒಂದ್ ಜಾಗಾ ಖಾಲಿ ಐತಿ,” ಎಂದ. ಒಳಗಿನಿಂದ ಬಂದ ಐಶ್ವರ್ಯ ಅಪ್ಪನ ಮುಖ ನೋಡಿದವಳೇ, “ನಾನು ನಿನ್ನೆನೇ ಹೇಳ್ಬೇಕಾಗಿತ್ತು, ಎಲ್ಲಾ ನನ್ನಿಂದ್ಲೇ,” ಎಂದು ಅಳತೊಡಗಿದಳು.

“ಕೆಲಸ ಹೋಗಿಲ್ಲ ಕಣ್ರಪ್ಪ! ಇದೆ!”

“ಇದ್ರೆ ಇಷ್ಟು ಹೊತ್ತಿಗೆ ಮನೆಗೆ ಯಾಕೆ ಬಂದ್ರಿ?” ಸಿದ್ದಗಂಗಮ್ಮ ಕಣ್ಣೊರೆಸಿಕೊಳ್ಳುತ್ತ ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಶಾಂತವೀರಪ್ಪನವರು ಯೋಚಿಸಿದರು. ಗೋಡೆ, ಗುಡಾಣ, ಶರಣಮ್ಮ, ಛತ್ರಿ, ಯಾವುದರಿಂದ ಶುರು ಮಾಡುವುದೋ ತಿಳಿಯಲಿಲ್ಲ.

“ಊಟಕ್ಕೆ,” ಎಂದರು.

“ಊಟಕ್ಕಾ?” ಸಿದ್ದಗಂಗಮ್ಮನವರ ಮುಖ ಈಗ ನಿಜವಾಗಿಯೂ ಬಿಳುಪೇರಿತು. “ಅಯ್ಯೋ, ನಾನು ಈಗಿನ್ನೂ ಇಬ್ಬರಿಗೇ ಅಲ್ವೇನ್ರೀ ಅಕ್ಕಿ ಇಟ್ಟಿರೋದು, ನಿಮ್ಮದು ಆಮೇಲೆ ಇಡ್ತಿದ್ದೆ!” ಎಂದವರೇ ಬಿದ್ದ ಹೂವಿನ ಮೇಲೆಯೇ ಓಡಿ ಅಡಿಗೆಮನೆ ಸೇರಿದರು, ಒಳಗಿನಿಂದ ಪಾವು ಡಬ್ಬಿಗೆ ಬಡಿದ ಸದ್ದು ಕೇಳಿಸಿತು.